ಎಡಗಡೆಯ ದೀಪ

ಅದೇ ಕಣೇ... ಅದಕ್ಕೇನಂತಾರೆ... ಸ್ಲೇ... ಸ್ಲೇಬು? ಸ್ಲೇವು! ಗುಲಾಮ ದೀಪ. ನಗಬೇಡ ಗುಬ್ಬಿ. ಹುಟ್ಟಿದೂರು ಬಿಟ್ಟು ಇಷ್ಟು ದೂರ ಬಂದು ಐವತ್ತು ವರ್ಷ ಆಯ್ತು. ಅಲ್ಲಿಯ ಮಾತೂ ಅರ್ಧ, ಇಲ್ಲಿಯ ಮಾತೂ ಅರ್ಧ ನನಗೆ. ಕ್ಯಾಮೆರಾ ತಲೆಮೇಲಿನ ಈ ಪುಟಾಣಿ ಫ್ಲಾಶ್ ಮಿಂಚಿದರೆ ಸಾಕು, ಆ ಎರಡು ದೊಡ್ಡ ದೀಪಗಳು ಅದನ್ನು ನೋಡಿ ತಾವೂ ಮಿಂಚ್ತವೆ. ತಂತಿ ಬೇಡ, ಏನೂ ಬೇಡ. ನಿಮ್ಮ ತಾತ ಅವನ್ನ 'ನನ್ನ ಅಳಿಯಂದಿರು' ಅಂತಿದ್ದರು, ಹೇಳದೇ ಕೆಲಸ ಮಾಡ್ತವೆ ಅಂತ. ಎಲ್ಲಿ ಮಾಡ್ತವೆ!

ಹೊಡಿ, ನೋಡೋಣ. ನಾನು ಸ್ಟೂಲ್ ಮೇಲೆ ಕೂತೆ.

ಏನು, ಫೋಟೋ ಪೂರ್ತಿ ಕಪ್ಪಾ? ಮಿಂಚಿದ್ದನ್ನ ನೋಡಿದೆನಲ್ಲ! ಅಯ್ಯೋ, ಪುಟಾಣೀನ ಆಟೋ ಮೋಡ್‌ನಲ್ಲಿ ಇಟ್ಟಿದ್ದೀಯ. ಅದು ಅಳತೆ ನೋಡೋಕೆ ಮೊದಲು ಒಂದು ಸಣ್ಣ ಮಿಂಚು ಬಿಡುತ್ತೆ. ದೊಡ್ಡವು ಅದನ್ನೇ ನಂಬಿ ಇದ್ದಬದ್ದ ಬೆಳಕೆಲ್ಲ ಸುರಿದುಬಿಡ್ತವೆ. ನಿಜವಾದ ಕ್ಲಿಕ್ ಬರೋ ಹೊತ್ತಿಗೆ ಖಾಲಿ! ಮ್ಯಾನುಯಲ್‌ಗೆ ಹಾಕು. ಪವರ್ ಕಡಿಮೆ. ಮೂತಿ ಚಾವಣಿಗೆ ಎತ್ತು. ಹಾಂ... ನೋಡಿದೆಯಾ? ನಿಮ್ಮಪ್ಪನಿಗೆ ಹೇಳು ಇದನ್ನ. "ಅಮ್ಮಾ ಸಾಕು, ಮನೇಲಿ ಕೂತ್ಕೋ" ಅಂತಾನೆ. ನಾಳೆ ನರ್ಸಿಂಗ್ ಶಾಲೆಯ ನಲವತ್ತು ಹುಡುಗಿಯರ ಗ್ರೂಪ್ ಫೋಟೋ ತೆಗೆಯೋದು ನಾನೇ. ಚೆನ್ನಾಗಿ ಬಂದರೆ ಅವನು ಬಾಯಿ ಮುಚ್ಕೋಬೇಕು, ಹಾಗಂತ ಮಾತಾಗಿದೆ.

ಹೊಡಿ ಇನ್ನೊಂದು.

ಬಲಗಡೆಯದು ಸರಿ. ಎಡಗಡೆಯದು ಹೊಡೀಲಿಲ್ಲ... ಏನು ಹಾಗೆ ನೋಡ್ತೀಯ? ಹೊಡೀಲಿಲ್ಲ ಅಂದೆ! ಅದರ ಹಿಂದೆ ಬೆಳಕು ಹಿಡಿಯೋ ಕೆಂಪು ಗುಂಡಿ ಇದೆಯಲ್ಲ, ಅದಕ್ಕೆ ನಿನ್ನ ಫ್ಲಾಶ್ ತಾಕ್ತಿಲ್ಲ. ತಿರುಗಿಸು. ತಿರುಗಿಸಿದೆಯಾ? ಹೊಡಿ.

ಇಲ್ಲ! ಹಾಳಾದ್ದು, ಹೋದ ವಾರದಿಂದ ಹೀಗೇ... ಟ್ಯೂಬ್ ಹೋಗಿದೆ ಅದರದ್ದು. ರಿಪೇರಿಯವನಿಗೆ ಈಗಲೇ ಫೋನ್ ಮಾಡು...

ಯಾಕೆ, ನಗು ನಿಲ್ಲಿಸಿಬಿಟ್ಟೆ?

ಕ್ಯಾಮೆರಾ ಯಾಕೆ ನನ್ನ ಮುಂದೆ ಹಿಡೀತೀಯ? ಕೊಡಿಲ್ಲಿ.

...ಎರಡು ಕೆನ್ನೆಗೂ ಬೆಳಕು. ಸುಕ್ಕು ಒಂದೂ ಬಿಟ್ಟಿಲ್ಲ... ಹಿಂದಿನದು ತೋರಿಸು. ಇದರಲ್ಲೂ...

ಬೈಯಿ, ಬೇಕಾದರೆ.

ಕಣ್ಣು ಮಂಜು ಮಂಜು ಅಂತ ಗೊತ್ತಿತ್ತು. ಇಷ್ಟು ದೊಡ್ಡ ಬೆಳಕಾದರೂ ಕಾಣುತ್ತೆ ಅಂದುಕೊಂಡಿದ್ದೆ... ಹೇಳಿದರೆ ನಿಮ್ಮಪ್ಪ ಸ್ಟುಡಿಯೋ ಬೀಗದಕೈ ಕಿತ್ಕೋತಾನೆ ಅಂತ...

ಸರಿ. ನಾಳೆ ಕ್ಯಾಮೆರಾ ನೀನೇ ಹಿಡಿ. ಹುಡುಗಿಯರನ್ನ ಸಾಲಾಗಿ ನಿಲ್ಲಿಸೋದು ನಾನು, ಗಂಟಲಿಗೇನೂ ಆಗಿಲ್ಲ. ಆಮೇಲೆ ಡಾಕ್ಟರ್ ಹತ್ತಿರ ಹೋಗೋಣ. ಅವರ ಮುಂದೆ ಕೂತರೆ "ಈಚೆಗೆ, ಒಂದು ವಾರದಿಂದ" ಅಂದುಬಿಡ್ತೀನಿ, ನನ್ನ ಬುದ್ಧಿ ನನಗೆ ಗೊತ್ತು. ಪೆನ್ನು ತಗೋ, ಗುಬ್ಬಿ. ಬರಿ. ಎಡಗಣ್ಣು. ಏಳು ತಿಂಗಳು.