ಅಮ್ಮನ ಬಾಯಿಗೆ ಹೊಂದಿದ ಚಮಚ

ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕೈಗೆ ಪಟ್ಟಿ ಬದಲಾಯಿಸಿಕೊಳ್ಳಲು ದರ್ಜಿ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಪಕ್ಕದಲ್ಲಿ ಯಾರೋ ಅಕ್ಕ, ತಮ್ಮ ಬಂದು ಕೂತರು. ತಮ್ಮನಿಗೂ ತಲೆ ನರೆತಿತ್ತು. ಅವನ ಹೆಬ್ಬೆರಳಿಗೆ ಸುತ್ತಿದ ಕರವಸ್ತ್ರದಲ್ಲಿ ರಕ್ತ ಒಸರುತ್ತಿತ್ತು. ದರ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಿವಿ ಮಾತ್ರ ಇತ್ತಲೇ ಇತ್ತು.

“ಈ ತಿಂಗಳಲ್ಲಿ ಎರಡನೇ ಸಲ. ಚಮಚ ಅಂಗಡೀಲಿ ಸಿಗಲ್ವೇನೋ?”

“ಸಿಗುತ್ತೆ ಅಕ್ಕ.”

“ಮತ್ಯಾಕೆ ಮರ ಕೆತ್ತುತಾ ಕೂತಿರ್ತೀಯ?”

“ಅಮ್ಮಂಗೆ ಸ್ಟೀಲ್ ಚಮಚ ಒಸಡಿಗೆ ತಾಗಿ ನೋಯ್ತಿತ್ತಲ್ಲ, ಅದಕ್ಕೇ ಶುರು ಮಾಡಿದ್ದು. ಮೊದಲು ಕೆತ್ತಿದ ಮೂರೂ ದಪ್ಪ ಆದವು, ಅಮ್ಮ ಬಾಯೇ ತೆರೀಲಿಲ್ಲ. ನಾಲ್ಕನೇದು ಹೊಂದಿಕೊಳ್ತು. ಅವತ್ತು ಬಟ್ಟಲು ಪೂರ್ತಿ ಖಾಲಿ ಮಾಡಿದ್ಲು.”

“ಆಮೇಲೆ ಅಮ್ಮ ಇದ್ದದ್ದು ಒಂಬತ್ತೇ ದಿನ.”

“ಹೂಂ. ಆಗ ತಾನೇ ಕೈ ಪಳಗಿತ್ತು. ಈಗ ಸುಮ್ನಿರು ಅಂದ್ರೆ ಅದು ಕೇಳಲ್ಲ.”

ಅಕ್ಕ ಕರವಸ್ತ್ರದ ಗಂಟು ಬಿಗಿ ಮಾಡಿದಳು.

“ಅಮ್ಮನ ಹತ್ರ ಕೂರೋದು ಬಿಟ್ಟು ಕಟ್ಟಿಗೆ ಕೆರೀತಿದ್ದೀಯ ಅಂತ ಬೈದಿದ್ದೆ.”

“ಗೊತ್ತಿಲ್ದೆ ಬೈದೆ, ಬಿಡು.”

“ಈಗಿನದು ಎಷ್ಟಾಗಿದೆ?”

“ಅರ್ಧ.”

“ಬೆರಳು ವಾಸಿಯಾಗೋವರೆಗೆ ನಾನು ಕೆತ್ತುತೀನಿ. ನೀನು ಪಕ್ಕದಲ್ಲಿ ಕೂತು ಹೇಳಿಕೊಡು.”

“ನೀನೂ ಬೆರಳು ಕುಯ್ಕೋತೀಯ.”

“ಕುಯ್ಕೊಂಡ್ರೆ ಆಯ್ತು. ಇಲ್ಲಿ ನರ್ಸಮ್ಮ ಪರಿಚಯ ಇದ್ದಾರಲ್ಲ.”

ತಮ್ಮ ನಕ್ಕ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಕ್ಕ ಅವನ ಗಾಯದ ಕೈಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು, ಯಾರಿಗೂ ತಾಗದಂತೆ ಜನರ ನಡುವಿನಿಂದ ಅವನನ್ನು ಮೆಲ್ಲಗೆ ಒಳಗೆ ಕರೆದೊಯ್ದಳು.