ಅರ್ಫಾತ ಎಲ್ಲಿ ಅನ್ನೋದು ಹೇಳ್ರಿ

ಅಧ್ಯಕ್ಷರಾದ ದೇವೀಂದ್ರಪ್ಪನವರೇ, ವಾಯುಪಡೆಯಿಂದ ಬಂದ ಸಾಹೇಬರೇ, ಅಫಜಲಪುರದ ಸಭಿಕರೇ,

ಭಾಷಣ ಬರ್ಕೊಂಡೇ ಬರಬೇಕು ಅಂತ ಸನ್ಮಾನ ಕಮಿಟಿಯವರು ಹುಕುಂ ಮಾಡಿದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಯಾಗ ಪೆನ್ನು ಕೊಟ್ಟು ಹೈರಾಣ ಮಾಡೀರಿ. ಬರ್ದೇನಿ. ನಡುವೆ ಚಪ್ಪಾಳಿ ಹೊಡೀದೆ ಕೇಳ್ರಿ.

ಇವತ್ತು ನೀವು ಸನ್ಮಾನ ಮಾಡಾಕತ್ತಿರೋ ನನ್ನ ಮಗ ಕಲ್ಲಿನಾಥ ವಿಮಾನ ಹಾರಿಸೋನಲ್ಲ. "ಶಾಂತಲಿಂಗಪ್ಪಾ, ಊರ ಮ್ಯಾಲ ನಮಗೂ ಒಂದು ಸುತ್ತು ಹೊಡಸೋ" ಅಂತ ನನ್ನ ಚ್ಯಾಷ್ಟಿ ಮಾಡಿದವರು ಇಲ್ಲೇ ಕುಂತೀರಿ. ಅವ ವಿಮಾನ ನಿಲ್ಲೋ ಜಾಗಾದ ಬೇಲಿ ಕಾಯೋನು. ಅವನ ಜೋಡಿ ಅದೇ ಬೇಲಿ ಕಾಯ್ತಿದ್ದವ ಗೊಬ್ಬೂರಿನ ಗೌಸಮೊಹಿದ್ದೀನನ ಮಗ ಅರ್ಫಾತ.

ಯುದ್ಧದಾಗ ಡ್ರೋನ್ ಬಂದವು. ಬಂದೂಕೆಲ್ಲಾ ಮುಗಿಲಿಗೆ ತಿರುಗಿದವು. ವೈರಿ ಬಂದದ್ದು ಮಾತ್ರ ಕೆಳಗ, ಮಳಿನೀರಿನ ಕಾಲುವಿ ಹಿಡಿದು, ತೆವಳಿಕೊಂತ. ಕಂಡವ ಅರ್ಫಾತ. ಕಲ್ಲಿನಾಥ ದವಾಖಾನ್ಯಾಗ ಹೇಳಿದ: "ಅಪ್ಪಾ, 'ನೀ ವಾಯರಲೆಸ್ಸಿನಾಗ ಹೇಳು, ನಾ ತಡೀತೇನಿ' ಅಂತ ನನಗ ಹೇಳಿ ಅರ್ಫಾತ ಕಾಲುವಿಗೆ ಇಳಿದ. ಅಷ್ಟ್ರಾಗ ಎಣ್ಣಿ ಟ್ಯಾಂಕು ಸಿಡೀತು." ಇವನ ಕಾಲು ಹೋಯಿತು. ಅವನ ಒಂದು ಎಲುಬೂ ಸಿಗಲಿಲ್ಲ. ವಿಮಾನ ಉಳಿದವು.

ಸರಕಾರ "ಪತ್ತೆ ಇಲ್ಲ" ಅಂದಿತು. ಪತ್ತೆ ಇಲ್ಲ ಅಂದ್ರ ಏನ್ರಿ? ಸತ್ತಾನೇನು? ಇದ್ದಾನೇನು? ಅವರಾಗ ಗಂಡ ಸತ್ತವರು ನಾಲ್ಕು ತಿಂಗಳು ಹತ್ತು ದಿನ ಹೊರಗ ಬರದ ಮನ್ಯಾಗ ಇದ್ದತ್ ಕೂಡ್ತಾರ. ಅರ್ಫಾತನ ಹೆಂಡತಿ ಮಸರತ ಕೂಡೋ ಹಂಗೂ ಇಲ್ಲ, ಏಳೋ ಹಂಗೂ ಇಲ್ಲ. ಬಳಿ ತೆಗೀಬ್ಯಾಡ ಅಂತ ಅತ್ತಿ ಹಜರಾಬಿ ಅಂತಾಳ. ಇನ್ನೂ ಯಾಕ ತೆಗೆದಿಲ್ಲ ಅಂತ ಓಣಿ ಅಂತದ. ನಾ ಗೊಬ್ಬೂರಿಗೆ ಹೋದಾಗ ಗೌಸಮೊಹಿದ್ದೀನ ಕೇಳಿದ್ದು ಒಂದೇ. "ಅಣ್ಣಾ, ಜನಾಜಾದ ನಮಾಜ್ ಓದಾಕಾದ್ರೂ ಅವ ಇಲ್ಲಂತ ಯಾರಾದರೂ ಹೇಳಬೇಕಲ್ಲಾ?"  ಕೊಟ್ಟ ಚಹಾ ಅಲ್ಲೇ ಬಿಟ್ಟು ಸೀದಾ ಕಮಿಟಿಯವರ ಹತ್ರ ಬಂದೆ.

ಈ ಬ್ಯಾನರಿನಾಗ ಅವನ ಹೆಸರೂ ಹಾಕ್ರಿ ಅಂದೆ. ದೇವೀಂದ್ರಪ್ಪನವರೇ, ನೀವೇನಂದ್ರಿ? "ಅವನ ಮಾಮಲಾ ಸಾಫ್ ಆಗಲಿ, ತಡೀರಿ." ಏನು ಸಾಫ್ ಆಗಬೇಕ್ರಿ? ಅವ ಆ ಕಡೆಗೆ, ವೈರಿಗಳ ಜೋಡಿ ಹೋಗಿರಬೇಕಂತ ಬಸ್‌ಸ್ಟ್ಯಾಂಡಿನಾಗ ಮಾತಾಡ್ತೀರಿ. ಕಾಲುವಿಗೆ ಇಳಿದವನ ಬಗ್ಗೆ, ಚಹಾ ಕುಡಕೊಂತ! ಅವ ಇಳೀದಿದ್ರ ಇವತ್ತು ಈ ಕುರ್ಚಿಮ್ಯಾಲ ನನ್ನ ಮಗನೂ ಇರ್ತಿರಲಿಲ್ಲ.

ಸಾಹೇಬರೇ, ಸತ್ತಾನಂದ್ರ ಸತ್ತಾನಂತ ಬರ್ಕೊಡ್ರಿ. ಹೆಂಗ ಸತ್ತ ಅನ್ನೋದೂ ಬರ್ಕೊಡ್ರಿ. ಕೊಡ್ತೀರಂತ ನನಗ ಭರವಸಿ ಇಲ್ಲ. ಗೌಸಮೊಹಿದ್ದೀನ ಕೇಳಿ ಕೇಳಿ ಸುಮ್ಮನಾಗ್ಯಾನ. ಅದಕ್ಕ ನಾ ಕೇಳಾಕತ್ತೇನಿ.

ಕುಂತು ಕೇಳಿದ್ದಕ್ಕ ಎಲ್ಲರಿಗೂ ಉಪಕಾರ, ನಮಸ್ಕಾರ. ಸಾಹೇಬರೇ, ಆಗಸ್ಟ್ ಹದಿನೈದರ ಝಂಡಾ ಏರೋ ಮೊದಲ, ಹತ್ತರ ಒಳಗ ಗೊಬ್ಬೂರಿಗೆ ಉತ್ತರ ಮುಟ್ಟಬೇಕು.