ಕಾರ್ಡಿಲ್ಲದೆ ಕಾದ ಲ್ಯಾಪ್‌ಟಾಪು

ಇದು ಹೋದ ಚಳಿಗಾಲ ನಮ್ಮ ಗಜೇಂದ್ರಗಡದ ಹಿಂದಿನ ಓಣಿಯ ಖಾದರನಿಗೆ ಆದದ್ದು. ರಾತ್ರಿ ಹತ್ತೂವರೆ. ರಿಪೇರಿ ಅಂಗಡಿ ಮುಚ್ಚಿ, ಆಲದ ಮರದ ಬಾವಿಯ ಪಕ್ಕದಿಂದ ಒಬ್ಬನೇ ಮನೆಗೆ ಹೊರಟಿದ್ದ. ಹೆಗಲ ಚೀಲದಲ್ಲಿ ನೇಕಾರರ ಸುಶೀಲವ್ವನ ಹಳೆಯ ಲ್ಯಾಪ್‌ಟಾಪು.

ಮುಂಜಾನೆ ಅವಳೇ ತಂದುಕೊಟ್ಟಿದ್ದಳು. "ಹತ್ತು ನಿಮಿಷಕ್ಕ ಕಾದು ಸುಡತೈತಿ, ನೆಟ್ ಹೋಗಿಬಿಡತೈತಿ. ಅವತ್ತೂ ಹಂಗ ಆತು, ಖಾದರ."

ಅವತ್ತು ಅಂದರೆ... ದೀಪಾವಳಿ ಕಳೆದ ಮೇಲೆ ಅವಳ ಗಂಡ ಹುಚ್ಚಪ್ಪ ಗದಗಿನ ದವಾಖಾನೆಯಿಂದ ವಿಡಿಯೊದಲ್ಲಿ ಮಾತಾಡಿದ ರಾತ್ರಿ. "ಏ, ಕೇಳ್ತೈತೇನ?" ಎಂದನಂತೆ. ನೆಟ್ ಹೋಯಿತು. ಬೆಳಗಾಗುವಷ್ಟರಲ್ಲಿ ಅವನೂ ಹೋದ.

"ನೆಟ್ ಹಿಡಿಯೋ ಕಾರ್ಡ್ ಹಳೇದಾಗೈತ್ರಿ ಅವ್ವಾರ," ಎಂದಿದ್ದ ಖಾದರ, ನೆಲ ನೋಡುತ್ತ.

ಸುಳ್ಳು. ವೈಫೈ ಕಾರ್ಡಿನ ಬಿಸಿ ಹೀರಲು ಅದಕ್ಕೊಂದು ಮೆತ್ತನೆಯ ಪಟ್ಟಿ ಅಂಟಿಸಿರುತ್ತಾರೆ. ದೀಪಾವಳಿಗೆ ಮೊದಲು ಸುಶೀಲವ್ವ ಧೂಳು ತೆಗೆಯಲು ಕೊಟ್ಟಾಗ ಇವನು ಅದನ್ನು ಕಿತ್ತು, ಅವಸರದ ಗಿರಾಕಿಯೊಬ್ಬನ ಲ್ಯಾಪ್‌ಟಾಪಿಗೆ ಹಾಕಿದ್ದ. ಹೊಸದು ಬಂದಮೇಲೆ ಹಾಕಿದರಾಯಿತು ಎಂದುಕೊಂಡು... ಮರೆತಿದ್ದ.

ಈಗ ಅರ್ಧ ಬೆಂಕಿಪೆಟ್ಟಿಗೆಯಷ್ಟಿದ್ದ ಆ ಕಾರ್ಡು, ಬ್ಯಾಟರಿ ಎರಡನ್ನೂ ಬಿಚ್ಚಿ ಅಂಗಡಿಯಲ್ಲೇ ಇಟ್ಟಿದ್ದ. ಮನೆಯಲ್ಲಿ ಒಳಗಿನ ಫ್ಯಾನು ಒರೆಸೋಣವೆಂದು ಲ್ಯಾಪ್‌ಟಾಪಿನ ಬರೀ ಪೆಟ್ಟಿಗೆ ತಂದಿದ್ದ.

ಬಾವಿ ದಾಟುತ್ತಲೇ ಚೀಲ ಸೊಂಟಕ್ಕೆ ಬೆಚ್ಚಗೆ ತಾಗಿತು. ಆಮೇಲೆ ಸುಡತೊಡಗಿತು. ಚೀಲದೊಳಗೆ ಫ್ಯಾನು... ಝುಂಯ್... ಝುಂಯ್... ನಿಂತಿತು. ಆಮೇಲೆ ಕಫ ಕಟ್ಟಿದ ಉಸಿರು. ಖರ್... ಖರ್...

"ಏ... ಕೇಳ್ತೈತೇನ?"

ಖಾದರ ಚೀಲವನ್ನು ಹೆಗಲಿಂದಿಳಿಸಿ ಅದರತ್ತ ಬಾಗಿದ. "ಕೇಳ್ತೈತಿ ಕಾಕಾ," ಎಂದು ಪಿಸುಗುಟ್ಟಿದ. "ತಪ್ಪು ನಂದು. ಪಟ್ಟಿ ನಾನ ಕಿತ್ತೇನಿ."

"ನನಗ್ಯಾಕ ಹೇಳ್ತಿ?"

ಅವನು ಹಿಂದಿರುಗಿ ನೇಕಾರರ ಓಣಿಗೆ ಓಡಿದ. ಬಾಗಿಲು ಬಡಿಯುವ ಮೊದಲೇ ಸುಶೀಲವ್ವ ತೆರೆದಳು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿ ಅತ್ತ.

"ಈಗ ನಮ್ಮನಿಯವರು ಮಾತಾಡಿದ್ರು," ಎಂದಳು ಆಕೆ. "ಖಾದರಗ ಬೈಬ್ಯಾಡ, ಅಂದ್ರು. ಅವರು ಹಂಗ ಅಂತಾರ. ನಾ ಬೈತೀನಿ. ಒಳಗ ಬಾ, ಕೂಡು."

"ಲ್ಯಾಪ್‌ಟಾಪ್... ನನ್ನ ಚೀಲದಾಗ ಐತ್ರಲ್ಲ, ಅವ್ವಾರ..."

ಅವಳು ದೀಪದ ಕಡೆ ತಿರುಗಿದಳು. ಬಲಗಿವಿಯ ಕೆಳಗೆ, ಕೆನ್ನೆಯ ಮೇಲೆ, ಅರ್ಧ ಬೆಂಕಿಪೆಟ್ಟಿಗೆಯಷ್ಟು ಚೌಕವಾಗಿ ಸುಟ್ಟ ಹಸಿ ಗುರುತು.

ಖರೇ ಹೇಳುತ್ತೇನೆ, ಆ ಕಲೆ ಇನ್ನೂ ಮಾಸಿಲ್ಲ. ನಂಬಿಕೆ ಬಾರದಿದ್ದರೆ ನಾಳೆ ಅವಳ ಮನೆಗೆ ಹೋಗಿ ನೋಡಿ.